ಸೌದೆ ತಾ ಅಂದರು

ಪಿಜ್ಜಾ ಡಬ್ಬಿಯ ಮುಚ್ಚಳ ಹರಿದು, ಅದರ ಮೇಲೆ ಯಾರೋ ದಪ್ಪ ಮಾರ್ಕರ್‌ನಲ್ಲಿ ಗೆರೆ ಎಳೆದಿದ್ದರು. ನಾಲ್ಕು ದಿನಕ್ಕೆ ನಾಲ್ಕು ಸಾಲು. ಒಂದೊಂದು ಸಾಲಿನಲ್ಲೂ ನಾಲ್ಕು ಗಂಟೆಗೆ ಒಂದರಂತೆ ಆರು ಮನೆ. ಮನೆಯೊಳಗೆ ಹೆಸರುಗಳು. ಎರಡನೇ ರಾತ್ರಿ ಹನ್ನೆರಡರಿಂದ ನಾಲ್ಕರ ಮನೆಯಲ್ಲಿ ಮಾತ್ರ ಒಂದೇ ಹೆಸರಿತ್ತು.

"ಇಲ್ಲಿ ನೀನು" ಎಂದು ಗೆಳೆಯ ನನ್ನ ಹೆಸರು ಬರೆದ. ಸ್ಪೆಲ್ಲಿಂಗ್ ತಪ್ಪಾಗಿತ್ತು. ನಾನು ತಿದ್ದಲಿಲ್ಲ.

ಅದು 2023ರ ಫೆಬ್ರವರಿ. ಕೆನಡಾದ ಮ್ಯಾನಿಟೋಬಾ ಪ್ರಾಂತ್ಯದಲ್ಲಿ ವಿನ್ನಿಪೆಗ್ ನಗರದಿಂದ ಉತ್ತರಕ್ಕೆ ಹೋದರೆ ಇಂಟರ್‌ಲೇಕ್ ಅನ್ನುವ ಸೀಮೆ ಸಿಗುತ್ತದೆ. ಎರಡು ದೊಡ್ಡ ಸರೋವರಗಳ ನಡುವಿನ ಚಪ್ಪಟೆ ನೆಲ. ಅಲ್ಲೊಂದು ಅನಿಶಿನಾಬೆ ಅನ್ನುವ ಮೂಲನಿವಾಸಿ ಜನರ ಊರು. ಗೆಳೆಯನ ಅಜ್ಜಿ ತೀರಿಕೊಂಡಿದ್ದರು. ಅಲ್ಲಿ ಅಜ್ಜಿಯನ್ನು ಕೂಕುಮ್ ಅನ್ನುತ್ತಾರೆ. ಸಾವಾದ ಮೇಲೆ ಜೀವ ನಾಲ್ಕು ದಿನ ನಡೆದು ಪೂರ್ವಿಕರ ಕಡೆ ಸೇರುತ್ತದೆ ಎಂದು ಆ ಮನೆಯವರ ನಂಬಿಕೆ. ನಡೆಯುವವರಿಗೆ ದಾರಿ ಕಾಣಬೇಕು. ಅದಕ್ಕೆ ನಾಲ್ಕು ಹಗಲು, ನಾಲ್ಕು ರಾತ್ರಿ ಮನೆಯ ಹಿಂದೆ ಬೆಂಕಿ ಉರಿಯುತ್ತಿರಬೇಕು. ಒಂದು ಕ್ಷಣವೂ ಅದನ್ನು ಒಂಟಿ ಬಿಡಬಾರದು. ರಟ್ಟಿನ ಮೇಲಿದ್ದದ್ದು ಬೆಂಕಿ ಕಾಯುವವರ ಪಾಳಿ.

ನಾನು ಅಲ್ಲಿಗೆ ಹೇಗೆ ತಲುಪಿದೆ ಅಂತ ಹೇಳಬೇಕಾದರೆ ಕೂದಲಿನ ವಿಷಯದಿಂದ ಶುರು ಮಾಡಬೇಕು.

2021ರ ಮೇ ತಿಂಗಳಲ್ಲಿ ನನ್ನ ಅಪ್ಪ ಕೋವಿಡ್‌ನಿಂದ ಹೋದರು. ನಮ್ಮೂರು ಪುತ್ತೂರಿನ ಹತ್ತಿರ. ಏಪ್ರಿಲ್ 22ರಂದೇ ಕೆನಡಾ ಭಾರತದಿಂದ ಬರುವ ನೇರ ವಿಮಾನಗಳನ್ನು ನಿಲ್ಲಿಸಿತ್ತು. ಹೋದರೆ ವಾಪಸ್ ಬರುವುದು ಯಾವಾಗ ಅಂತ ಗೊತ್ತಿರಲಿಲ್ಲ. ಹೆಂಡತಿ ಏಳು ತಿಂಗಳ ಬಸುರಿ. ನಾನು ಹೋಗಲಿಲ್ಲ. ಹಿರಿಯ ಮಗ ನಾನು, ಚಿತೆಗೆ ಬೆಂಕಿ ಕೊಟ್ಟವನು ಚಿಕ್ಕಪ್ಪನ ಮಗ, ಮೈತುಂಬ ಪ್ಲಾಸ್ಟಿಕ್ ಅಂಗಿ ಹಾಕಿಕೊಂಡು. ವಾಟ್ಸಾಪ್‌ನಲ್ಲಿ ನೋಡುತ್ತಿದ್ದೆ. ನೆಟ್‌ವರ್ಕ್ ಹೋಗಿ ಚಿತ್ರ ಅಲ್ಲೇ ನಿಂತಿತು. ಮತ್ತೆ ಬಂದಾಗ ಎಲ್ಲ ಮುಗಿದು, ಯಾರೋ ಕೈ ತೊಳೆಯುತ್ತಿದ್ದರು.

ಆಮೇಲೆ ಬಚ್ಚಲುಮನೆಗೆ ಹೋಗಿ ಟ್ರಿಮ್ಮರ್‌ನಲ್ಲಿ ನಾನೇ ತಲೆ ಬೋಳಿಸಿಕೊಂಡೆ. ಏನಾದರೂ ಒಂದು ಮಾಡಬೇಕಲ್ಲ. ಆಫೀಸಿನಲ್ಲಿ ಮೂರು ದಿನ ರಜೆ ಕೊಟ್ಟರು, ಒಂದು ಕೌನ್ಸೆಲಿಂಗ್ ಫೋನ್ ನಂಬರ್ ಕೊಟ್ಟರು. ನಾಲ್ಕನೇ ದಿನ ವಿಡಿಯೋ ಮೀಟಿಂಗ್‌ನಲ್ಲಿ ಕೂತಾಗ ಒಬ್ಬರು "ಬೇಸಿಗೆಗೆ ಹೊಸ ಸ್ಟೈಲಾ?" ಎಂದು ನಕ್ಕರು. ಅವರದೇನೂ ತಪ್ಪಿಲ್ಲ. ಅವರಿಗೆ ಹೇಗೆ ಗೊತ್ತಾಗಬೇಕು?

ಆದರೆ ಮೀಟಿಂಗ್ ನಡೆಯುತ್ತಿರುವಾಗಲೇ ಮೂಲೆಯಲ್ಲಿ ಒಂದು ಮೆಸೇಜ್ ಬಂತು. ಎರಡೇ ಪದ. "ಯಾರು ಹೋದರು?"

ಕಳಿಸಿದವನು ನಮ್ಮ ಟೀಮಿನ ಒಬ್ಬ. ಬೆನ್ನಿನ ಅರ್ಧದವರೆಗೆ ಜಡೆ ಇದ್ದವನು. ಅಲ್ಲಿಯವರೆಗೆ ನಾವು ಹವಾಮಾನ, ಐಸ್ ಹಾಕಿ ಬಿಟ್ಟು ಬೇರೆ ಮಾತಾಡಿರಲಿಲ್ಲ. ಅವರಲ್ಲೂ ತೀರಾ ಹತ್ತಿರದವರು ಸತ್ತರೆ ಕೂದಲು ಕತ್ತರಿಸುತ್ತಾರೆ ಎಂದು ಅವನು ಆ ಸಂಜೆ ಫೋನಿನಲ್ಲಿ ಹೇಳಿದ. ಸಮಾಧಾನದ ಮಾತು ಒಂದೂ ಆಡಲಿಲ್ಲ. ಅಪ್ಪ ಏನು ಕೆಲಸ ಮಾಡುತ್ತಿದ್ದರು, ಏನು ತಿನ್ನುತ್ತಿದ್ದರು, ಹೇಗೆ ನಗುತ್ತಿದ್ದರು, ಇಷ್ಟೇ ಕೇಳಿದ.

ಅದೇ ತಿಂಗಳ ಕೊನೆಯಲ್ಲಿ, ಮೇ 27ರಂದು, ಕಾಮ್ಲೂಪ್ಸ್‌ನಿಂದ ಆ ಸುದ್ದಿ ಬಂತು. ಮೂಲನಿವಾಸಿ ಮಕ್ಕಳನ್ನು ಮನೆಯಿಂದ ಒಯ್ದು ಇಡುತ್ತಿದ್ದ ಹಳೆಯ ರೆಸಿಡೆನ್ಷಿಯಲ್ ಶಾಲೆಯ ಜಾಗದಲ್ಲಿ ನೆಲದೊಳಗೆ ನೋಡುವ ರಾಡಾರ್ ಹಿಡಿದು ಹುಡುಕಿದಾಗ 215 ಮಕ್ಕಳ ಗೋರಿಗಳು ಇರಬಹುದೆಂಬ ಗುರುತು ಸಿಕ್ಕಿದೆ ಎಂದು ಅಲ್ಲಿನ ಮೂಲನಿವಾಸಿ ಸಮುದಾಯ ತಿಳಿಸಿತು. ಆಮೇಲೆ ಆ ಸಂಖ್ಯೆಯನ್ನು ಸುಮಾರು 200 ಎಂದು ತಿದ್ದಿದರು. ವಿನ್ನಿಪೆಗ್‌ನಲ್ಲಿ ಶಾಸನಸಭೆಯ ಮೆಟ್ಟಿಲ ಮೇಲೆ ಜನ ಪುಟ್ಟ ಪುಟ್ಟ ಚಪ್ಪಲಿ, ಶೂ ತಂದಿಟ್ಟರು. ನಾನೂ ನೋಡಲು ಹೋಗಿದ್ದೆ. ಗೆಳೆಯ ಹೋಗಲಿಲ್ಲ. ಅಜ್ಜಿ ಟಿವಿ ಆರಿಸಿ ಎರಡು ದಿನ ಯಾರ ಜೊತೆಯೂ ಮಾತಾಡಲಿಲ್ಲ ಎಂದು ಮಾತ್ರ ಹೇಳಿದ.

ಒಂದೂವರೆ ವರ್ಷದ ಮೇಲೆ ಒಂದು ಸೋಮವಾರ ಅವನು ಆಫೀಸಿಗೆ ಬಂದಾಗ ಜಡೆ ಇರಲಿಲ್ಲ. ಈ ಸಲ ಕೇಳುವ ಸರದಿ ನನ್ನದು.

* * *

ಹೋಗುವ ಮೊದಲು ಒಂದು ಪೊಟ್ಟಣ ತಂಬಾಕು ತಾ ಎಂದಿದ್ದ. ಅವರ ಭಾಷೆಯಲ್ಲಿ ಅದು ಅಸೆಮಾ. ಯಾರಿಂದಲಾದರೂ ಏನಾದರೂ ಕೇಳುವಾಗ ಮೊದಲು ತಂಬಾಕು ಕೊಡಬೇಕು. ನಮ್ಮ ಕಡೆ ದೈವದ ಕೆಲಸಕ್ಕೋ ಮದುವೆಗೋ ಕರೆಯುವಾಗ ವೀಳ್ಯ ಕೊಡುವ ಹಾಗೆ. ನಾನು ಪೆಟ್ರೋಲ್ ಬಂಕಿನ ಅಂಗಡಿಯಲ್ಲಿ ಒಂದು ಪೊಟ್ಟಣ ಕೊಂಡು, ಊರಿನ ಹಿರಿಯರ ಮುಂದೆ ಬಲಗೈ ಚಾಚಿ, ಎಡಗೈಯನ್ನು ಮೊಣಕೈಗೆ ತಾಗಿಸಿ, ತುಂಬ ಮರ್ಯಾದೆಯಿಂದ ಹಿಡಿದೆ. ಅವರ ತಲೆಯ ಮೇಲೆ ವಿನ್ನಿಪೆಗ್ ಜೆಟ್ಸ್ ಹಾಕಿ ತಂಡದ ಟೋಪಿ. ಮುಖ ನೋಡಿ, ಕೈ ನೋಡಿ, "ಎಡಗೈ" ಅಂದರು. ಎದೆಗುಂಡಿಗೆಗೆ ಹತ್ತಿರದ ಕೈ ಅದು. ಮೂವತ್ತೆಂಟು ವರ್ಷ ಎಡಗೈಯಲ್ಲಿ ಯಾರಿಗೂ ಏನೂ ಕೊಡಬಾರದು ಎಂದು ಬೈಸಿಕೊಂಡು ಬೆಳೆದವನು ನಾನು. ಕೈ ಬದಲಾಯಿಸುವಷ್ಟರಲ್ಲಿ ಪೊಟ್ಟಣ ಹಿಮದೊಳಗೆ ಬಿತ್ತು. ಎಲ್ಲರೂ ನಕ್ಕರು. ಹಿರಿಯರು ಜಾಸ್ತಿ ನಕ್ಕರು.

"ಎಲ್ಲಿಯವನು?"

"ಇಂಡಿಯಾ."

"ಓ, ಕೊಲಂಬಸ್ ಹುಡುಕುತ್ತಿದ್ದದ್ದು ನಿನ್ನನ್ನೇ! ಐನೂರು ವರ್ಷ ತಡವಾಗಿ ಬಂದೆಯಲ್ಲ ಮಾರಾಯ."

ಅವರು 'ಮಾರಾಯ' ಅನ್ನಲಿಲ್ಲ. ಆದರೆ ಧಾಟಿ ಅದೇ. ಸಾವಿನ ಮನೆಯಲ್ಲಿ ಇಷ್ಟು ನಗಬಹುದು ಅನ್ನುವುದು ನನಗೆ ಮರೆತೇಹೋಗಿತ್ತು. ನಮ್ಮೂರಿನ ಬೊಜ್ಜದ, ಅಂದರೆ ಉತ್ತರಕ್ರಿಯೆಯ, ಮನೆಗಳಲ್ಲೂ ಸೌತೆಕಾಯಿ ಹೆಚ್ಚುತ್ತಾ ಕೂತವರು ನಗುತ್ತಲೇ ಇರುತ್ತಾರೆ.

ರಾತ್ರಿ ಹನ್ನೆರಡಕ್ಕೆ ನನ್ನ ಪಾಳಿ. ಮೈನಸ್ 29 ಡಿಗ್ರಿ. ಗಾಳಿ ಬಂದರೆ ಇನ್ನೂ ಕೆಳಗೆ. ಬೆಂಕಿಯ ಮೂರು ಕಡೆ ನೀಲಿ ಟಾರ್ಪಾಲು ಕಟ್ಟಿದ್ದರು. ಮುಂಭಾಗ ಸುಡುತ್ತದೆ, ಬೆನ್ನು ಮರಗಟ್ಟುತ್ತದೆ. ಐದು ನಿಮಿಷಕ್ಕೊಮ್ಮೆ ದೋಸೆ ಮಗುಚಿದ ಹಾಗೆ ನಮ್ಮನ್ನು ನಾವೇ ಮಗುಚಿಕೊಳ್ಳಬೇಕು. ಜೊತೆಗಿದ್ದವನು ಗೆಳೆಯನ ಮಾವ, ಐವತ್ತರ ಮೇಲಿನವನು, ಮಾತು ಕಡಿಮೆ.

ಅವನು ಹೇಳಿಕೊಟ್ಟ ನಿಯಮಗಳು ಸರಳ. ಬೆಂಕಿಗೆ ಕಸ ಹಾಕಬಾರದು, ಉಗಿಯಬಾರದು, ಸುಮ್ನೆ ಕೋಲಿನಿಂದ ಕೆದಕುತ್ತಾ ಕೂರಬಾರದು. ಕುಡಿದವರು ಹತ್ತಿರ ಬರಬಾರದು. ಇಲ್ಲಿ ಜಗಳ, ಚಾಡಿ ಇಲ್ಲ. ಸುತ್ತು ಬರುವಾಗ ಗಡಿಯಾರದ ಮುಳ್ಳಿನ ದಿಕ್ಕಿನಲ್ಲೇ ಬರಬೇಕು. ನಾನು ಹೇಗೋ ಎಡಕ್ಕೆ ತಿರುಗಿಬಿಟ್ಟಿದ್ದೆ. ನಮ್ಮಲ್ಲಿ ಸಾವಿನ ಕೆಲಸದಲ್ಲಿ ಅಪ್ರದಕ್ಷಿಣೆ ಅಲ್ವಾ? ಅವನು ನನ್ನ ಭುಜ ಹಿಡಿದು ಮೆಲ್ಲಗೆ ತಿರುಗಿಸಿದ.

ಉಳಿದಂತೆ ಕೆಲಸವೇ. ಶೆಡ್ಡಿನಿಂದ ಸೌದೆ ಹೊತ್ತು ತರುವುದು. ಪೊಪ್ಲರ್ ಬೇಗ ಹತ್ತಿಕೊಂಡು ಬೇಗ ಮುಗಿಯುತ್ತದೆ, ಓಕ್ ನಿಧಾನ. ಎರಡನ್ನೂ ಬೆರೆಸಿ ಹಾಕುವುದನ್ನು ಕಲಿತೆ. ಯಾರಾದರೂ ಮನೆಯೊಳಗಿಂದ ಬಂದು ಒಂದು ಚಿಟಿಕೆ ತಂಬಾಕು ಹಾಕಿ, ಕಣ್ಣುಮುಚ್ಚಿ ಏನೋ ಹೇಳಿಕೊಂಡು ಹೋಗುವವರು. ಅವರು ನಿಂತಿದ್ದಷ್ಟು ಹೊತ್ತು ನಾವು ಹಿಂದೆ ಸರಿದು ನಿಲ್ಲಬೇಕು. ಒಬ್ಬಳು ಹುಡುಗಿ, ಹನ್ನೆರಡು ವರ್ಷದವಳಿರಬಹುದು, ಪೈಜಾಮದ ಮೇಲೆ ದೊಡ್ಡವರ ಜಾಕೆಟ್ ಹಾಕಿಕೊಂಡು ಬಂದು, ತಂಬಾಕು ಹಾಕಿ, ನಮಗಿಬ್ಬರಿಗೂ ಚಹಾ ಕೊಟ್ಟು ಹೋದಳು.

ಆ ನಾಲ್ಕು ಗಂಟೆಯಲ್ಲಿ ಒಬ್ಬರೂ ನನ್ನನ್ನು "ಹೇಗಿದ್ದೀಯ?" ಎಂದು ಕೇಳಲಿಲ್ಲ. ಸೌದೆ ತಾ ಅಂದರು. ನೀರು ತಾ ಅಂದರು. ಆ ಕಡೆ ಟಾರ್ಪಾಲು ಬಿಗಿ ಮಾಡು ಅಂದರು. ಎರಡು ವರ್ಷ ನನ್ನನ್ನು ಎಲ್ಲರೂ ಹೇಗಿದ್ದೀಯ ಎಂದೇ ಕೇಳಿದ್ದರು. ನಾನೂ ಚೆನ್ನಾಗಿದ್ದೇನೆ ಎಂದೇ ಹೇಳಿದ್ದೆ.

ಮೂರು ಗಂಟೆಯ ಹೊತ್ತಿಗೆ ಅಮ್ಮನಿಗೆ ಫೋನ್ ಮಾಡಬೇಕು ಅನ್ನಿಸಿತು. ಊರಲ್ಲಿ ಆಗ ಮಧ್ಯಾಹ್ನ ಎರಡೂವರೆ. ಊಟ ಆಗಿ ಅಡ್ಡಾಗುವ ಹೊತ್ತು. ಬೆಂಕಿ ಬಿಟ್ಟು ದೂರ ಹೋಗುವ ಹಾಗಿಲ್ಲ, ಬೆಂಕಿಯ ಹತ್ತಿರ ಫೋನ್ ತೆಗೆಯುವ ಹಾಗಿಲ್ಲ. ಮಾಡಲಿಲ್ಲ. ಮಾವ ಆಗ ತಾನಾಗಿಯೇ ಮಾತು ತೆಗೆದ.

ಅವನ ತಾಯಿಯನ್ನು, ಅಂದರೆ ಈಗ ಒಳಗೆ ಪೆಟ್ಟಿಗೆಯಲ್ಲಿ ಮಲಗಿದ್ದ ಅಜ್ಜಿಯನ್ನು, ಆರು ವರ್ಷಕ್ಕೆ ರೆಸಿಡೆನ್ಷಿಯಲ್ ಶಾಲೆಗೆ ಒಯ್ದಿದ್ದರು. ಕೆನಡಾ ಸರ್ಕಾರ ಹಣ ಕೊಟ್ಟು ಚರ್ಚುಗಳ ಕೈಯಲ್ಲಿ ನಡೆಸಿದ ಶಾಲೆಗಳು ಅವು. ನೂರು ವರ್ಷಕ್ಕೂ ಮೀರಿ ನಡೆದವು. 1,50,000ಕ್ಕೂ ಹೆಚ್ಚು ಮಕ್ಕಳು ಹೋದರು. ಸತ್ತವರೆಂದು ಇದುವರೆಗೆ ದಾಖಲೆಯಲ್ಲಿ ಗುರುತು ಸಿಕ್ಕ ಮಕ್ಕಳೇ 4,100ಕ್ಕಿಂತ ಜಾಸ್ತಿ. ಮೊದಲ ದಿನವೇ ಮಕ್ಕಳ ಬಟ್ಟೆ ತೆಗೆದು, ಜಡೆ ಕತ್ತರಿಸಿಬಿಡುತ್ತಿದ್ದರು. ಅವರ ಮಾತು ಆಡಿದರೆ ಏಟು.

"ಅಮ್ಮ ಒಂದೇ ಒಂದು ಸಲ ಹೇಳಿದ್ದಳು" ಅಂದ ಅವನು. "ಜಡೆ ಕತ್ತರಿಸಿದಾಗ ಅಳು ಬಂದದ್ದು ಕೂದಲಿಗಲ್ಲ. ಮನೆಯಲ್ಲಿ ಯಾರೋ ಸತ್ತಿದ್ದಾರೆ, ಇವರು ನನಗೆ ಹೇಳುತ್ತಿಲ್ಲ ಅಂದುಕೊಂಡಳಂತೆ. ಅಪ್ಪನೋ ಅಮ್ಮನೋ ಅಂತ ಗೊತ್ತಾಗದೆ ಇಬ್ಬರಿಗೂ ಅತ್ತಳಂತೆ. ಎಷ್ಟೋ ತಿಂಗಳು."

ನಾನು ಓಕಿನ ಒಂದು ತುಂಡು ಹಾಕಿದೆ. ಹಾಕುವ ಅಗತ್ಯ ಇರಲಿಲ್ಲ.

ಕಣ್ಣಲ್ಲಿ ನೀರು ಬಂದಿತ್ತು. ಹೊಗೆ ಅಂತ ಹೇಳಬಹುದಿತ್ತು. ಟಿಶ್ಯೂನಲ್ಲಿ ಒರೆಸಿ ಜೇಬಿಗೆ ಹಾಕಿದೆ. ಮಾವ ಟಾರ್ಪಾಲಿನ ಕಂಬಕ್ಕೆ ಕಟ್ಟಿದ್ದ ಒಂದು ಕಂದು ಕಾಗದದ ಚೀಲ ತೋರಿಸಿದ. ಅಲ್ಲಿಯವರೆಗೆ ಅದನ್ನು ಕಸದ ಚೀಲ ಅಂದುಕೊಂಡಿದ್ದೆ. ಅದರ ತುಂಬ ಮುದುಡಿದ ಟಿಶ್ಯೂಗಳು. ಕಣ್ಣೀರು ಒರೆಸಿದ್ದನ್ನು ಎಸೆಯುವುದಿಲ್ಲ, ಬೆಳಿಗ್ಗೆ ಅದೂ ಬೆಂಕಿಗೆ ಹೋಗುತ್ತದೆ. ಕೆನಡಾದ ಸತ್ಯ ಮತ್ತು ಸಮನ್ವಯ ಆಯೋಗ ಊರೂರಿನಲ್ಲಿ ಈ ಶಾಲೆಗಳಿಂದ ಬದುಕಿ ಬಂದವರ ಮಾತು ಕೇಳಿಸಿಕೊಂಡಾಗಲೂ ಹೀಗೇ ಮಾಡಿದ್ದರು. ಟಿಶ್ಯೂಗಳನ್ನು ಬುಟ್ಟಿ, ಚೀಲಗಳಲ್ಲಿ ಕೂಡಿಸಿ ಪವಿತ್ರ ಬೆಂಕಿಗೆ ಕೊಡುವುದು. ಆ ಆಯೋಗದ ಮೊದಲ ದೊಡ್ಡ ಸಭೆ ನಡೆದದ್ದು ನಮ್ಮ ವಿನ್ನಿಪೆಗ್‌ನಲ್ಲೇ, ಎರಡು ನದಿ ಸೇರುವ ಫೋರ್ಕ್ಸ್‌ನಲ್ಲಿ, 2010ರ ಜೂನ್‌ನಲ್ಲಿ. ನಾನು ಅಲ್ಲಿ ಎಷ್ಟೋ ಸಲ ಐಸ್‌ಕ್ರೀಮ್ ತಿಂದಿದ್ದೇನೆ, ಇದು ಗೊತ್ತಿರಲಿಲ್ಲ.

ಜೇಬಿನಿಂದ ತೆಗೆದು ಚೀಲಕ್ಕೆ ಹಾಕಿದೆ. ಯಾರದೋ ಅಜ್ಜಿಯ ಚೀಲದಲ್ಲಿ ನನ್ನ ಅಪ್ಪನದೂ ಸ್ವಲ್ಪ ಸೇರಿಕೊಂಡಿತು.

ಇಷ್ಟು ಓದಿ ಊರಿಗೆ ಊರೇ ಬೆಂಕಿಯ ಸುತ್ತ ಒಂದಾಗಿತ್ತು ಅಂದುಕೊಳ್ಳಬೇಡಿ. ಅಜ್ಜಿಯೇ ಪ್ರತಿ ಭಾನುವಾರ ಚರ್ಚಿಗೆ ಹೋಗುತ್ತಿದ್ದರು. ಅವರ ಒಬ್ಬ ಮಗಳು ಬೆಂಕಿಯ ಕಡೆ ಒಮ್ಮೆಯೂ ಬರಲಿಲ್ಲ. ಡ್ರಮ್ಮಿನ ಸದ್ದು ಶುರುವಾದರೆ ಎದ್ದು ಒಳಗೆ ಹೋಗುತ್ತಿದ್ದರು. ಇದೆಲ್ಲ ಸೈತಾನನ ಕೆಲಸ ಎಂದು ಚಿಕ್ಕಂದಿನಲ್ಲಿ ಕಲಿತದ್ದು ಇನ್ನೂ ಬಿಟ್ಟಿಲ್ಲ ಎಂದು ಗೆಳೆಯ ಹೇಳಿದ. ಅವರನ್ನು ಯಾರೂ ಬಲವಂತ ಮಾಡಲಿಲ್ಲ. ಅವರೂ ಕೆಲಸ ಬಿಡಲಿಲ್ಲ. ನಾಲ್ಕೂ ದಿನ ಅಡುಗೆಮನೆಯಲ್ಲಿ ನಿಂತು ಬ್ಯಾನಕ್ ರೊಟ್ಟಿ ಸುಟ್ಟವರು ಅವರೇ. ನಾಲ್ಕನೇ ದಿನ ಪಾದ್ರಿಯೂ ಬಂದರು, ಹಿರಿಯರೂ ಇದ್ದರು. ಇಬ್ಬರೂ ಒಂದೇ ಕೆಟಲ್‌ನಿಂದ ಚಹಾ ಕುಡಿದರು.

ಗೆಳೆಯನ ಜಡೆ ಪೆಟ್ಟಿಗೆಯಲ್ಲಿ ಅಜ್ಜಿಯ ಕೈ ಹತ್ತಿರ ಇತ್ತು.

ಊಟಕ್ಕೆ ಮೊದಲು ಒಂದು ತಟ್ಟೆಯಲ್ಲಿ ಎಲ್ಲದರಿಂದ ಒಂದೊಂದು ಚೂರು ತೆಗೆದಿಟ್ಟರು. ಮೂಸ್ ಮಾಂಸದ ಸಾರು, ಮನೂಮಿನ್ ಅನ್ನುವ ಕಾಡಕ್ಕಿ, ಮೀನು, ಬ್ಯಾನಕ್, ಸ್ಟ್ರಾಬೆರಿ. ಹೋದವರ ಪಾಲು ಅದು. ಅದನ್ನು ಬೆಂಕಿಗೆ ಕೊಟ್ಟರು. ಸ್ಟ್ರಾಬೆರಿಗೆ ಅವರ ಹೆಸರು ಓಡೆಇಮಿನ್, ಎದೆಗುಂಡಿಗೆಯ ಹಣ್ಣು. ನಾಲ್ಕು ದಿನದ ದಾರಿಯಲ್ಲಿ ಆ ಹಣ್ಣು ಸಿಗುತ್ತದಂತೆ. ನಮ್ಮ ಮನೆಯಲ್ಲೂ ತುಳುವರ ಆಟಿ ತಿಂಗಳಲ್ಲಿ ಕುಲೆಗಳಿಗೆ, ಅಂದರೆ ತೀರಿಹೋದವರಿಗೆ, ಬಡಿಸುತ್ತೇವೆ. ಬಾಳೆ ಎಲೆಯಲ್ಲಿ ಕೋಳಿ ಸಾರು, ರೊಟ್ಟಿ, ಅವರವರಿಗೆ ಇಷ್ಟವಾಗಿದ್ದದ್ದು. ಬಡಿಸಿ, ಬನ್ನಿ ಉಣ್ಣಿ ಎಂದು ಕರೆದು, ಬಾಗಿಲು ಎಳೆದುಕೊಂಡು ಸ್ವಲ್ಪ ಹೊತ್ತು ಹೊರಗೆ ಕೂರುತ್ತೇವೆ. ಇದನ್ನು ಗೆಳೆಯನಿಗೆ ಹೇಳಿದಾಗ ಅವನು ಆಶ್ಚರ್ಯಪಡಲಿಲ್ಲ. "ಮತ್ತೆ ಹಸಿವಾಗಲ್ವಾ ಅವರಿಗೆ?" ಅಂದ. "ನಿನ್ನ ಅಪ್ಪನಿಗೆ ಬಡಿಸಿದ್ದೀಯಾ?"

ಇಲ್ಲ ಅಂದೆ. ವಿನ್ನಿಪೆಗ್‌ನ ಅಪಾರ್ಟ್‌ಮೆಂಟಿನಲ್ಲಿ ಆಟಿ ಯಾವಾಗ ಬರುತ್ತದೆ, ಯಾವಾಗ ಹೋಗುತ್ತದೆ?

ನಾಲ್ಕನೇ ದಿನ ಮಣ್ಣು ಮಾಡಿ ಬಂದ ಮೇಲೆ ಬೆಂಕಿಗೆ ಸೌದೆ ಹಾಕುವುದನ್ನು ನಿಲ್ಲಿಸಿದರು. ನೀರು ಹಾಕಿ ಆರಿಸಲಿಲ್ಲ. ಅದು ತಾನಾಗಿ ಆರುವವರೆಗೆ ಇಬ್ಬರು ಕೂತರು. ಅದಕ್ಕೂ ರಟ್ಟಿನ ಮೇಲೆ ಹೆಸರಿತ್ತು.

* * *

ಜೂನ್‌ನಲ್ಲಿ ಮತ್ತೆ ಕರೆದರು. ಈ ಸಲ ಬೆವರು ಮನೆಗೆ. ಅನಿಶಿನಾಬೆ ಭಾಷೆಯಲ್ಲಿ ಮದೂದಿಸ್ವನ್. ವಿಲೋ ಕೋಲುಗಳನ್ನು ಬಗ್ಗಿಸಿ ಕಟ್ಟಿದ ಗುಮ್ಮಟ, ಮೇಲೆ ಕ್ಯಾನ್ವಾಸು, ಕಂಬಳಿ. ಒಳಗೆ ಬಗ್ಗಿಯೇ ಕೂರಬೇಕು. ನಡುವೆ ಒಂದು ಗುಂಡಿ. ಹೊರಗೆ ಬೆಂಕಿಯಲ್ಲಿ ಕಲ್ಲುಗಳನ್ನು ಗಂಟೆಗಟ್ಟಲೆ ಕೆಂಪಗೆ ಕಾಯಿಸಿ, ಕವೆಗೋಲಿನಂಥ ಕಬ್ಬಿಣದ ಫೋರ್ಕಿನಲ್ಲಿ ಎತ್ತಿ ತಂದು ಗುಂಡಿಗೆ ಇಳಿಸುತ್ತಾರೆ. ಬಾಗಿಲು ಮುಚ್ಚಿದರೆ ಕಗ್ಗತ್ತಲು. ಕಲ್ಲಿನ ಮೇಲೆ ನೀರು ಬೀಳುತ್ತದೆ. ನಾಲ್ಕು ಸುತ್ತು. ಪ್ರತಿ ಸುತ್ತಿನ ನಡುವೆ ಬಾಗಿಲು ತೆರೆದು, ಹೊಸ ಕಲ್ಲು ತರುತ್ತಾರೆ.

ಒಳಗೆ ಹಾಡಿದ್ದು, ಇತರರು ಹೇಳಿದ್ದು ಇಲ್ಲಿ ಬರೆಯುವುದಿಲ್ಲ. ಬರೆಯಲಾ ಎಂದು ಗೆಳೆಯನನ್ನು ಕೇಳಿದ್ದೆ. "ಬೆಂಕಿಯ ಬಗ್ಗೆ ಬರಿ, ನಿನ್ನ ಹೆದರಿಕೆಯ ಬಗ್ಗೆ ಬರಿ. ಉಳಿದದ್ದು ನಿನ್ನದಲ್ಲ" ಅಂದ.

ಹೆದರಿಕೆ ಇತ್ತು, ನಿಜ. ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. 2009ರ ಅಕ್ಟೋಬರ್‌ನಲ್ಲಿ ಅಮೆರಿಕದ ಅರಿಜೋನಾದಲ್ಲಿ ಒಬ್ಬ ಸ್ವಸಹಾಯ ಗುರು ಸಾವಿರಾರು ಡಾಲರ್ ತೆಗೆದುಕೊಂಡು, ಪ್ಲಾಸ್ಟಿಕ್ ಹೊದಿಸಿದ ಗುಡಾರದೊಳಗೆ ಹತ್ತಾರು ಜನರನ್ನು ತುಂಬಿ ಬೆವರು ಮನೆ ಅಂತ ನಡೆಸಿದ. ಮೂವರು ಸತ್ತರು. ಅವನು ಜೈಲಿಗೆ ಹೋದ. ದುಡ್ಡು ಕೇಳುವವರ ಬೆವರು ಮನೆಗೆ ಹೋಗಬೇಡಿ. ಇಲ್ಲಿ ನನ್ನ ಹತ್ತಿರ ಕೇಳಿದ್ದು ತಂಬಾಕು, ಒಂದು ಟವೆಲ್, ಊಟಕ್ಕೆ ಏನಾದರೂ ಪದಾರ್ಥ. ಜೊತೆಗೆ ಬಿಪಿ ಇದೆಯಾ, ಹೃದಯದ ತೊಂದರೆ ಇದೆಯಾ, ಯಾವ ಮಾತ್ರೆ ತಗೋತೀಯ ಅಂತ ವಿಚಾರಿಸಿದರು. ನಾನು ನಿಂಬೆ ಚಿತ್ರಾನ್ನ ಒಯ್ದಿದ್ದೆ.

ಮುಟ್ಟಾದ ಹೆಂಗಸರು ಒಳಗೆ ಬರುವುದಿಲ್ಲ. ಅದು ಮೈಲಿಗೆ ಅಲ್ಲ, ಆ ಹೊತ್ತಿಗೆ ಅವರ ಶಕ್ತಿ ಜಾಸ್ತಿ ಇರುತ್ತದೆ ಅದಕ್ಕೆ ಎಂದು ವಿವರಿಸಿದರು. ಇದೇ ವಿವರಣೆಯನ್ನು ನಮ್ಮೂರಿನಲ್ಲೂ ಕೇಳಿದ್ದೇನೆ. ಅಲ್ಲೂ ಪೂರ್ತಿ ಒಪ್ಪಿರಲಿಲ್ಲ, ಇಲ್ಲೂ ಒಪ್ಪಲಿಲ್ಲ. ಆದರೆ ನಾನು ನೆಂಟ, ಸುಮ್ಮನಿದ್ದೆ.

ಒಳಗೆ ಹೋಗುವ ಮೊದಲು ಸೇಜ್ ಸೊಪ್ಪಿನ ಹೊಗೆ. ಕಬ್ಬಿಣದ ಸಣ್ಣ ಬಾಣಲೆಯಲ್ಲಿ ಸೊಪ್ಪು ಸುಟ್ಟು ಹದ್ದಿನ ಗರಿಯಿಂದ ಬೀಸುತ್ತಾರೆ. ಎರಡೂ ಕೈಯಲ್ಲಿ ಹೊಗೆ ಹಿಡಿದು ಕಣ್ಣಿಗೆ, ತಲೆಗೆ ಒತ್ತಿಕೊಂಡೆ. ಯಾರೂ ಹೇಳಿಕೊಡಲಿಲ್ಲ, ಮಂಗಳಾರತಿ ತೆಗೆದುಕೊಂಡ ಅಭ್ಯಾಸ. "ಇವನಿಗೆ ಗೊತ್ತು" ಎಂದರು ಹಿರಿಯರು. ಎಡಗೈ ವಿಷಯದಲ್ಲಿ ಹೋದ ಮಾನ ಸ್ವಲ್ಪ ವಾಪಸ್ ಬಂತು.

ಒಂದೊಂದೇ ಕಲ್ಲು ಒಳಗೆ ಬರುವಾಗ ಅದಕ್ಕೆ ನಮಸ್ಕಾರ ಹೇಳುತ್ತಾರೆ. ಕಲ್ಲುಗಳನ್ನು ಅಜ್ಜಂದಿರು ಅನ್ನುತ್ತಾರೆ. ಮೊದಲು ಇದು ಸುಮ್ನೆ ಮರ್ಯಾದೆಯ ಮಾತು ಅಂದುಕೊಂಡಿದ್ದೆ. ಆಮೇಲೆ ಗೊತ್ತಾಯಿತು, ಅದು ವ್ಯಾಕರಣವೇ. ನಮ್ಮಲ್ಲಿ ಅವನು, ಅವಳು, ಅದು ಇರುವ ಹಾಗೆ ಅವರ ಭಾಷೆಯಲ್ಲಿ ಜೀವ ಇರುವುದು, ಇಲ್ಲದ್ದು ಎಂದು ಪದಗಳಲ್ಲಿ ಎರಡು ಗುಂಪು. ಕಲ್ಲಿಗೆ ಅಸಿನ್ ಅನ್ನುತ್ತಾರೆ. ಅಸಿನ್ ಜೀವ ಇರುವ ಗುಂಪಿಗೆ ಸೇರಿದ್ದು. ಅಜ್ಜಿ ಶಾಲೆಯಲ್ಲಿ ಏಟು ತಿಂದು ಈ ಮಾತನ್ನು ನುಂಗಿಕೊಂಡರು, ಮಕ್ಕಳಿಗೆ ಕಲಿಸಲಿಲ್ಲ. ಗೆಳೆಯ ಈಗ ರಾತ್ರಿ ಕ್ಲಾಸಿಗೆ ಹೋಗಿ ಕಲಿಯುತ್ತಿದ್ದಾನೆ. ಒಂದೊಂದು ಕಲ್ಲು ಬಂದಾಗಲೂ ಅವನು ತೊದಲುತ್ತಾ ಹೇಳುತ್ತಿದ್ದದ್ದು ಕತ್ತಲಲ್ಲಿ ನನಗೆ ಕೇಳಿಸುತ್ತಿತ್ತು. ನನ್ನ ಮಗಳು ಅಜ್ಜಿಯ ಜೊತೆ ಫೋನಿನಲ್ಲಿ ತುಳು ಮಾತಾಡುವುದೂ ಹೆಚ್ಚುಕಡಿಮೆ ಹಾಗೇ.

ಮೊದಲ ಸುತ್ತು ಪರವಾಗಿಲ್ಲ. ಏಳು ಕಲ್ಲು. ಎರಡನೆಯದರಲ್ಲಿ ಉಸಿರು ಸಿಕ್ಕಿಕೊಂಡಿತು. ಬಿಸಿ ಹಬೆ ಮೂಗಿನೊಳಗೆ ಹೋಗುತ್ತಿಲ್ಲ, ಹೊರಗೂ ಬರುತ್ತಿಲ್ಲ. ಅಪ್ಪ ಕೊನೆಯ ಮೂರು ದಿನ ಮಾಸ್ಕಿನೊಳಗೆ ಹೀಗೇ ಎಳೆದರು ಎಂದು ಅಮ್ಮ ಹೇಳಿದ್ದರು. ಆಕ್ಸಿಜನ್ 82, 79, 74 ಎಂದು ತಂಗಿ ಮೆಸೇಜ್ ಕಳಿಸುತ್ತಿದ್ದಳು, ಕ್ರಿಕೆಟ್ ಸ್ಕೋರಿನ ಹಾಗೆ. ಎರಡು ವರ್ಷ ಅದನ್ನು ನಾನು ಬರೀ ಅಂಕಿಯಾಗಿ ಇಟ್ಟುಕೊಂಡಿದ್ದೆ. ಈಗ ಆ ಅಂಕಿ ನನ್ನ ಎದೆಯೊಳಗೆ ಕೂತಿತ್ತು.

ಬಾಗಿಲು ಎಂದು ಕೂಗಬಹುದಿತ್ತು. ಯಾರು ಯಾವಾಗ ಕೂಗಿದರೂ ತೆರೆಯುತ್ತೇವೆ, ಅದರಲ್ಲಿ ಅವಮಾನ ಇಲ್ಲ ಎಂದು ಮೊದಲೇ ಹೇಳಿದ್ದರು. ಬಾಯಿ ತೆರೆದೆ, ಸ್ವರ ಬರಲಿಲ್ಲ. ಪಕ್ಕದವರಿಗೆ ಹೇಗೆ ಗೊತ್ತಾಯಿತೋ. ಒಂದು ಕೈ ನನ್ನ ಬೆನ್ನಿನ ಮೇಲೆ ಬಂದು ಕೆಳಕ್ಕೆ ಒತ್ತಿತು. "ಮಲಗು. ಮುಖ ನೆಲಕ್ಕಿಡು." ಗುಡಾರದ ಅಂಚಿನಲ್ಲಿ ಮಣ್ಣು ತಣ್ಣಗಿತ್ತು. ಕೆನ್ನೆ ಇಟ್ಟೆ. ಹುಲ್ಲಿನ ವಾಸನೆ, ಒದ್ದೆ ಮಣ್ಣಿನ ವಾಸನೆ. ಉಸಿರು ಬಂತು. ಅದರ ಹಿಂದೆ ಅಳು ಬಂತು. ನಾನು ಆ ಥರ ಅತ್ತದ್ದು ನೆನಪಿಲ್ಲ. ಮೂಗು, ಬಾಯಿ, ಬೆವರು, ಕಣ್ಣೀರು ಯಾವುದು ಯಾವುದಂತ ಗೊತ್ತಾಗದ ಹಾಗೆ. ಯಾರೂ ಸುಮ್ಮನಿರು ಅನ್ನಲಿಲ್ಲ. ಹಾಡಿನ ಸದ್ದು ಸ್ವಲ್ಪ ಏರಿತು, ನನ್ನ ಅಳು ಅದರೊಳಗೆ ಮುಚ್ಚಿಹೋಗುವಷ್ಟು.

ಮೂರನೇ ಸುತ್ತಿಗೆ ನಾನು ಹೋಗಲಿಲ್ಲ. ತಲೆ ತಿರುಗುತ್ತಿತ್ತು. ಹೊರಗೆ ಬಂದವನಿಗೆ ಒಂದು ಲೋಟ ನೀರು ಕೊಟ್ಟು, ಹತ್ತು ನಿಮಿಷ ಕೂರಿಸಿ, ಬೆಂಕಿಯ ಹತ್ತಿರ ಕಳಿಸಿದರು. ಮಾವ ಅಲ್ಲಿದ್ದ. ಫೋರ್ಕು ಕೈಗೆ ಕೊಟ್ಟ. "ಅಲ್ಲಿ, ಆ ದೊಡ್ಡವರನ್ನು ಎತ್ತು. ಬೂದಿ ಗುಡಿಸಿ ಕೊಡು." ಉಳಿದೆರಡು ಸುತ್ತಿಗೆ ನಾನು ಕಲ್ಲು ಎತ್ತಿದೆ.

ಇದಾದ ಮೇಲೆ ನನ್ನ ದುಃಖ ಹೋಯಿತಾ ಅಂತ ಕೆಲವರು ಕೇಳಿದ್ದಾರೆ. ಇಲ್ಲ. ನಿದ್ದೆ ಸ್ವಲ್ಪ ಸುಧಾರಿಸಿತು. ವಾಟ್ಸಾಪ್‌ನಲ್ಲಿ ತಂಗಿಯ ಆ ಮೆಸೇಜುಗಳನ್ನು ಮೊದಲ ಸಲ ತೆರೆದು ಪೂರ್ತಿ ಓದಿದೆ. ಒಂದು ಕೌನ್ಸೆಲಿಂಗ್‌ಗೂ ಹೋದೆ, ಅದೂ ಉಪಯೋಗಕ್ಕೆ ಬಂತು. ಆ ಮನೆಯವರಿಗೆ ಏನಾಯಿತು ಅಂತ ನಾನು ಹೇಳುವುದಲ್ಲ.

* * *

2024ರ ಫೆಬ್ರವರಿಯಲ್ಲಿ ಅಜ್ಜಿಯ ವರ್ಷಾಂತಿಕ. ಊಟ, ಆಮೇಲೆ ಕೊಡುಗೆ. ಸತ್ತವರ ಮನೆಯವರು ವರ್ಷವಿಡೀ ಕೂಡಿಟ್ಟ ವಸ್ತುಗಳನ್ನು ಬಂದವರಿಗೆಲ್ಲ ಹಂಚುವ ಪದ್ಧತಿ. ಕಂಬಳಿ, ಪಾತ್ರೆ, ಕೈಗವಸು, ಬಟ್ಟೆ. ದುಃಖದಲ್ಲಿ ಕೆಲಸ ಮಾಡಿಕೊಟ್ಟವರಿಗೆ ಮೊದಲು. ಕೆನಡಾದ ಇಂಡಿಯನ್ ಕಾಯಿದೆಗೆ 1895ರಲ್ಲಿ ತಿದ್ದುಪಡಿ ತಂದು, ಹಣವನ್ನೋ ವಸ್ತುಗಳನ್ನೋ ಹಂಚುವ ಯಾವ ಆಚರಣೆಯನ್ನೂ ಅಪರಾಧ ಎಂದು ಮಾಡಿದ್ದರು. ಮಾಡಿದವರಿಗೂ ಜೈಲು, ಮಾಡಲು ಹುರಿದುಂಬಿಸಿದವರಿಗೂ ಜೈಲು. 1951ರವರೆಗೆ ಅದು ಪುಸ್ತಕದಲ್ಲಿತ್ತು. ಕಂಬಳಿ ಕೊಟ್ಟರೆ ಜೈಲು ಅನ್ನುವ ಕಾನೂನು ಬರೆದವರ ಮನಸ್ಸು ಹೇಗಿದ್ದಿರಬಹುದು ಎಂದು ನಾನು ಆ ಹಾಲ್‌ನಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತು ಯೋಚಿಸುತ್ತಿದ್ದೆ. ಅಷ್ಟರಲ್ಲಿ ನನ್ನ ಹೆಸರು ಕೂಗಿದರು. ಈ ಸಲ ಉಚ್ಚಾರಣೆಯೂ ತಪ್ಪಾಗಿತ್ತು.

ಕೊಟ್ಟವರು ಬೆಂಕಿಯ ಹತ್ತಿರ ಬಾರದ ಆ ಮಗಳು. ಎರಡು ವಸ್ತು. ಒಂದು ಜೊತೆ ಚರ್ಮದ ಕೈಗವಸು. ಇನ್ನೊಂದು ಪುಟ್ಟ ಗಾಜಿನ ಬಾಟಲಿ, ಒಳಗೆ ಕಡುಕೆಂಪು ಜಾಮ್. ಅಜ್ಜಿ ಕೊನೆಯ ಬೇಸಿಗೆಯಲ್ಲಿ ಕಾಡು ಸ್ಟ್ರಾಬೆರಿ ಆರಿಸಿ ತಂದು ಮಾಡಿದ್ದಂತೆ. ಮುಚ್ಚಳದ ಮೇಲೆ ಅವರದೇ ಕೈಬರಹದಲ್ಲಿ 2022 ಎಂದಿತ್ತು.

ಆ ವರ್ಷ ಆಟಿ ಯಾವಾಗ ಶುರುವಾಗುತ್ತದೆ ಎಂದು ಅಮ್ಮನನ್ನು ಕೇಳಿ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಕೊಂಡೆ. ಬಾಳೆ ಎಲೆ ಫಿಲಿಪಿನೋ ಅಂಗಡಿಯ ಫ್ರೀಜರಿನಲ್ಲಿ ಸಿಕ್ಕಿತು. ಹೆಂಡತಿ ಕೋಳಿ ಸಾರು ಮಾಡಿದಳು, ನಾನು ರೊಟ್ಟಿ ಮಾಡಲು ಹೋಗಿ ಕೆಡಿಸಿದೆ. ಹೊಗೆಯ ಅಲಾರಂ ಎರಡು ಸಲ ಹೊಡೆದುಕೊಂಡಿತು. ನೆಲದ ಮೇಲೆ ಎಲೆ ಹಾಕಿ, ಅನ್ನ, ಸಾರು, ಉಪ್ಪಿನಕಾಯಿ ಬಡಿಸಿದೆವು. ಮಗಳು ನೀರಿನ ಲೋಟ ತಂದಿಟ್ಟಳು. ಬಾಟಲಿ ತೆರೆದೆ. ಎರಡು ವರ್ಷದ ಹಳೇ ಜಾಮ್, ವಾಸನೆ ಹಾಗೇ ಇತ್ತು.

ಎಲೆಯ ತುದಿಗೆ ಒಂದೇ ಒಂದು ಚಮಚ ಹಾಕಿದೆ. ಅಪ್ಪನಿಗೆ ಸಕ್ಕರೆ ಕಾಯಿಲೆ ಇತ್ತು.